ತುಂಬಿದ ಟ್ಯಾಂಕು, ರದ್ದಾಗದ ಕಾರ್ಡು

ಮನೆಯಿಂದ,
ಶನಿವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಮ್ಮಾ,

ಪೆಟ್ರೋಲ್ ಕಾರ್ಡು ಇನ್ನೂ ರದ್ದಾಗಿಲ್ಲ. ಇದು ಇವತ್ತು ಬೆಳಿಗ್ಗೆ ಕಾರ್ಡ್ ಕಂಪನಿಯ ಫೋನಿನಲ್ಲಿ ಸಿಕ್ಕ ಹುಡುಗಿ ಕೊಟ್ಟ ಸುದ್ದಿ. ಕಾರಿನ ಟ್ಯಾಂಕು ಕಂಠಪೂರ್ತಿ ತುಂಬಿದೆ. ಇದಕ್ಕೆ ನಾನೇ ಸಾಕ್ಷಿ, ತುಂಬಿಸಿದವನೂ ನಾನೇ. ಅಪ್ಪ ಈಗ ಹೊರಗೆ ಬಕೆಟ್ಟು ಇಟ್ಟುಕೊಂಡು ಕಾರಿಗೆ ಸ್ನಾನ ಮಾಡಿಸುತ್ತಿದ್ದಾರೆ. ನಾವಿಬ್ಬರೂ ಹೂಡಿದ ಉಪಾಯ ಎಲ್ಲಿಗೆ ಬಂದು ನಿಂತಿದೆ ಎಂಬುದು ಇಷ್ಟರಲ್ಲೇ ನಿನಗೆ ಅರ್ಥವಾಗಿರಬೇಕು.

ಕ್ಷೇಮ ವಿಚಾರಿಸುವ ಮೊದಲೇ ಇದನ್ನೆಲ್ಲ ಬರೆದೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮಂಡಿ ಹೇಗಿದೆ? ಅಕ್ಕನ ಮನೆ ಮೂರನೇ ಮಹಡಿಯಲ್ಲಿದ್ದರೂ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿಯುತ್ತೀಯಂತೆ. ಲಿಫ್ಟ್ ರಿಪೇರಿ ಮಾಡುವವನ ತಾಯಿಗೆ ಲಿಫ್ಟ್ ಎಂದರೆ ಭಯ ಎಂಬುದನ್ನು ನನ್ನ ಜೊತೆ ಕೆಲಸ ಮಾಡುವವರಿಗೆ ನಾನು ಇನ್ನೂ ಹೇಳಿಲ್ಲ. ಪಾಪುವಿನ ನೆಗಡಿ ಕಡಿಮೆಯಾಯಿತಾ? ಅಕ್ಕ ಕೂತು ಊಟ ಮಾಡುತ್ತಾಳಾ ಅಥವಾ ಇನ್ನೂ ನಿಂತುಕೊಂಡೇ ಮುಗಿಸುತ್ತಾಳಾ? ಇಲ್ಲಿ ಯಾರಿಗೂ ಜ್ವರವಿಲ್ಲ, ಕೆಮ್ಮಿಲ್ಲ. ಅಷ್ಟರಮಟ್ಟಿಗೆ ಎಲ್ಲರೂ ಕ್ಷೇಮ.

ಫೋನ್ ಮಾಡುವುದು ಬಿಟ್ಟು ಪತ್ರ ಯಾಕೆ ಎಂದರೆ, ನಿನ್ನ ಕರೆ ಬಂದರೆ ಸಾಕು, ಅಪ್ಪ ಎಲ್ಲಿದ್ದರೂ ಓಡಿಬಂದು ಸ್ಪೀಕರ್ ಒತ್ತುತ್ತಾರೆ. ಎರಡು ವಾರದ ಹಿಂದೆ ನಾನು ತಾರಸಿಗೆ ಹೋಗಿ ನಿನ್ನ ಜೊತೆ ಮಾತಾಡಿ ಬಂದೆನಲ್ಲ, ಕೆಳಗೆ ಇಳಿಯುವಷ್ಟರಲ್ಲಿ ಮೆಟ್ಟಿಲ ಬುಡದಲ್ಲೇ ನಿಂತಿದ್ದರು. "ಏನಪ್ಪಾ, ತಾಯಿ ಮಗ ಸೇರ್ಕೊಂಡು ಗುಟ್ಟು ಮಾತಾಡ್ತಿದ್ದೀರಿ, ನನ್ನ ಹುಟ್ಟಿದಬ್ಬಕ್ಕೆ ಏನಾದ್ರೂ ತರ್ತಿದ್ದೀರೋ ಹೆಂಗೆ?" ಎಂದು ಕಣ್ಣು ಮಿಟುಕಿಸಿದರು. ಆ ಕ್ಷಣದಲ್ಲಿ ನೆಲ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಹೋಗಿ ಕೂತುಬಿಡುತ್ತಿದ್ದೆ.

ಆ ದಿನ ತಾರಸಿಯಲ್ಲಿ ಅವಸರದಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಸರಿಯಾಗಿ ಬರೆಯುತ್ತೇನೆ, ಯಾಕೆಂದರೆ ನೀನು ಅದನ್ನು ಅರ್ಧ ಮಾತ್ರ ಕೇಳಿಸಿಕೊಂಡೆ ಎಂದು ನನ್ನ ಗುಮಾನಿ. ಸ್ಕೂಲು ಬಿಟ್ಟ ಮೇಲೆ ಗುಬ್ಬಿಯನ್ನು ಅಪ್ಪನೇ ಕಾರಿನಲ್ಲಿ ಕರೆತರುತ್ತಾರೆ. ನಾನೂ ನಿನ್ನ ಸೊಸೆಯೂ ಕೆಲಸದಿಂದ ಬರುವುದು ಆರಕ್ಕೆ. ಒಂದು ಸಂಜೆ ಗುಬ್ಬಿ ನನ್ನ ತೊಡೆಯ ಮೇಲೆ ಕೂತು, "ಅಪ್ಪಾ, ನಾನೂ ತಾತಾನೂ ಸಿಗ್ನಲ್ ಆಟ ಆಡ್ತೀವಿ ಗೊತ್ತಾ?" ಎಂದಳು. ಆಟವೆಂದರೆ ಇಷ್ಟೇ: ಹಿಂದಿನ ಸೀಟಿನಲ್ಲಿ ಕೂತು ಅವಳು ಕೆಂಪು ಬಂದರೆ ಕೆಂಪು, ಹಸಿರು ಬಂದರೆ ಹಸಿರು ಎಂದು ಕೂಗಬೇಕು, ತಾತ ಅದರಂತೆ ನಿಲ್ಲಿಸಬೇಕು ಅಥವಾ ಹೋಗಬೇಕು. ತಪ್ಪು ಹೇಳದಿದ್ದರೆ ಮನೆಗೆ ಬಂದ ಮೇಲೆ ಒಂದು ಪೆಪ್ಪರ್‌ಮೆಂಟು. ಆರು ವರ್ಷದ ಮಗುವಿನ ಕಣ್ಣನ್ನು ಎರವಲು ಪಡೆದು ಅಪ್ಪ ಕಾರು ಓಡಿಸುತ್ತಿದ್ದಾರೆ. ಅವರಿಗೆ ದೂರದ್ದು ಕಾಣುತ್ತಿಲ್ಲ. ಕಾಣುತ್ತಿಲ್ಲ ಎಂಬುದು ಅವರಿಗೇ ಗೊತ್ತಿದೆ. ಇಲ್ಲದಿದ್ದರೆ ಆ ಆಟ ಹುಟ್ಟುತ್ತಿರಲಿಲ್ಲ.

ಇದನ್ನು ಕೇಳಿ ನೀನು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. "ನೋಡು, ಅವರ ಮುಖ ನೋಡ್ಕೊಂಡು ಗಾಡಿ ಓಡಿಸೋದು ಬಿಡಿ ಅನ್ನೋಕೆ ನನ್ನ ಕೈಲಾಗಲ್ಲ. ಮೂವತ್ತು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮನುಷ್ಯ. ನೀನು ಸುಮ್ನೆ ಕಾರ್ಡ್ ಕ್ಯಾನ್ಸಲ್ ಮಾಡಿಸ್ಬಿಡು. ಬಂಕಿನೋರೇ ನಿಲ್ಸಿದ್ರು ಅಂತ ಹೇಳೋಣ. ಪೆಟ್ರೋಲ್ ಮುಗಿದ್ರೆ ಕಾರು ತಾನಾಗೇ ನಿಲ್ಲತ್ತೆ." ಬೇರೆ ಮನೆಯಲ್ಲಿ ಇದು ನಗೆಪಾಟಲಾಗುತ್ತಿತ್ತು, ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಅಪ್ಪನ ಜೇಬಿನಲ್ಲಿ ದುಡ್ಡು ಇರುವುದಿಲ್ಲವಲ್ಲ. ಕೈ ಚಾಚಿದವರಿಗೆಲ್ಲ ಕೊಟ್ಟುಬಿಡುತ್ತಾರೆಂದು ನೀನೇ ತಾನೆ ಹನ್ನೊಂದು ವರ್ಷದ ಹಿಂದೆ ನಿನ್ನ ಹೆಸರಿನಲ್ಲಿ ಈ ಕಾರ್ಡು ಮಾಡಿಸಿ, ಬರೀ ಪೆಟ್ರೋಲಿಗೆ ಆಗುವ ಕಾರ್ಡನ್ನು ಯಾರೂ ಸಾಲ ಕೇಳಲ್ಲ ಎಂದು ಅವರ ಕೈಗಿಟ್ಟದ್ದು! ಹಾಗಾಗಿ ನಾನೂ ಒಪ್ಪಿದೆ. ನನಗೂ ಧೈರ್ಯವಿರಲಿಲ್ಲ ಎಂಬುದು ಇನ್ನೊಂದು ಕಾರಣ. ಕೆಟ್ಟ ಲಿಫ್ಟಿನ ಬಾಗಿಲಿಗೆ 'ಬಳಸಬೇಡಿ' ಎಂಬ ಫಲಕ ತಗುಲಿಸಲು ನಾನು ಯಾರ ಅಪ್ಪಣೆಯನ್ನೂ ಕಾಯುವುದಿಲ್ಲ. ಮಾಲೀಕರು ಬಂದು ಕೂಗಾಡಿದರೂ ತೆಗೆಯುವುದಿಲ್ಲ. ಅಪ್ಪನ ಮುಂದೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಮೊದಲು ಬಂಕಿಗೆ ಹೋದೆ. ಗಾಜಿನ ಕೋಣೆಯಲ್ಲಿ ಕೂತಿದ್ದ ಮ್ಯಾನೇಜರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನಮ್ದಲ್ಲ ಸರ್" ಎಂದ. ಕಾರ್ಡಿನ ಮೇಲೆ ಬಂಕಿನದೇ ಗುರುತು ಇದೆಯಲ್ಲ ಎಂದೆ. "ಗುರುತು ನಮ್ದು, ಕಾರ್ಡು ಕಂಪನೀದು. ನಾವು ಬರೀ ಉಜ್ಜೋರು. ನೀವು ಕ್ಯಾನ್ಸಲ್ ಯಾಕೆ ಮಾಡ್ತೀರಿ, ಇದರಪ್ಪನಂಥ ಕಾರ್ಡು ಬಂದಿದೆ, ತಗೊಳ್ಳಿ, ವಾರಕ್ಕೊಂದು ಕಾರ್ ವಾಶ್ ಫ್ರೀ" ಎಂದು ಇನ್ನೊಂದು ಅರ್ಜಿಯನ್ನು ನನ್ನ ಮುಂದೆ ಸರಿಸಿದ. ಹೊರಗೆ ಬರುವಾಗ ಪಂಪಿನ ಬಳಿ ಇರುತ್ತಾನಲ್ಲ, ನಾವೆಲ್ಲ ಸಿಳ್ಳೆ ಎಂದು ಕರೆಯುವವನು, ಅವನು ಕೈ ಎತ್ತಿ "ಮೇಷ್ಟ್ರಿಗೆ ನಮಸ್ಕಾರ ಹೇಳಿ ಅಣ್ಣಾ, ಕ್ಲಚ್ ಬಿಡೋಕೆ ಕಲಿಸಿದ್ದೇ ಅವರು" ಎಂದ. ನಮ್ಮ ಉಪಾಯದ ಮೇಲೆ ನನಗಿದ್ದ ನಂಬಿಕೆ ಅಲ್ಲೇ ಅರ್ಧ ಇಳಿಯಿತು. ಕಾರ್ಡಿಲ್ಲದೆ ಹೋದರೂ ಸಿಳ್ಳೆ ಅಪ್ಪನಿಗೆ ಇಲ್ಲ ಎನ್ನುತ್ತಾನಾ?

ಆಮೇಲೆ ಕಂಪನಿಗೆ ಫೋನು. ಹೊಸ ಕಾರ್ಡಿಗೆ ಒಂದು ಒತ್ತಿ, ಬಿಲ್ ಕಟ್ಟಲು ಎರಡು ಒತ್ತಿ ಎಂದು ಒಂಬತ್ತರವರೆಗೂ ಹೇಳುವ ಆ ದನಿ, ರದ್ದು ಮಾಡಲು ಏನು ಒತ್ತಬೇಕೆಂದು ಮಾತ್ರ ಹೇಳುವುದಿಲ್ಲ. ನಡುನಡುವೆ ಪೀಪಿ ಸಂಗೀತ. ಎರಡು ಸಲ ಲೈನು ಕಟ್ಟಾಯಿತು. ಕೊನೆಗೂ ಮನುಷ್ಯರು ಸಿಕ್ಕಿದಾಗ, "ಕಾರ್ಡು ಯಾರ ಹೆಸರಲ್ಲಿದೆಯೋ ಅವರೇ ಮಾತಾಡ್ಬೇಕು" ಎಂದರು. ನಿನ್ನ ಸೊಸೆಯನ್ನು ಮುಂದೆ ನೂಕಿದೆ. "ಅತ್ತೆ ದನಿ ನನಗೆ ಬರಲ್ಲ ರೀ. ಬಂದ್ರೂ ಈ ಮನೇಲಿ ತೆಗೆಯೋ ಧೈರ್ಯ ನನಗಿಲ್ಲ" ಎಂದು ಅಡುಗೆಮನೆಗೆ ಹೋಗಿಬಿಟ್ಟಳು. ಹೇಗೋ ನಾನೇ ಬೇಡಿಕೊಂಡ ಮೇಲೆ ಆ ಕಡೆಯವರು ಒಂದು ಪ್ರಯೋಜನದ ಮಾತು ಹೇಳಿದರು: ಕಾರ್ಡಿನಲ್ಲಿ ಹನ್ನೊಂದು ವರ್ಷದ ಪಾಯಿಂಟುಗಳು ಸೇರಿವೆ, ರದ್ದಾದರೆ ಎಲ್ಲವೂ ಹೋಗುತ್ತವೆ.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಿನಗೆ ಮೆಸೇಜು ಹಾಕಿದೆ. ನಿಮಿಷದೊಳಗೆ ನಿನ್ನ ಉತ್ತರ: "ಪಾಯಿಂಟ್ ಬಿಡಬೇಡ. ಮೊದಲು ಅದನ್ನ ಖಾಲಿ ಮಾಡು, ಆಮೇಲೆ ಕ್ಯಾನ್ಸಲ್." ಆ ಪಾಯಿಂಟಿಗೆ ಏನು ಬರುತ್ತದೆ ಎಂದು ನೀನೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಅದಕ್ಕೆ ಬರುವುದು ಪೆಟ್ರೋಲು, ಬೇರೇನೂ ಅಲ್ಲ. ಬುಧವಾರ ಸಂಜೆ, ಟಯರಿಗೆ ಗಾಳಿ ಹಾಕಿಸಿಕೊಂಡು ಬರುತ್ತೇನೆ ಎಂದು ಅಪ್ಪನಿಂದ ಕಾರು ತೆಗೆದುಕೊಂಡು ಹೋಗಿ, ಅಪ್ಪ ಕಾರು ಓಡಿಸಬಾರದೆಂಬ ಉದ್ದೇಶದಿಂದ ಅಪ್ಪನ ಕಾರಿಗೆ ಬಾಯಿಮಟ್ಟ ಪೆಟ್ರೋಲು ತುಂಬಿಸಿಕೊಂಡು ಬಂದೆ. ಒಂದು ಪಾಯಿಂಟೂ ಪೋಲಾಗಿಲ್ಲ, ನಿನಗೆ ಸಮಾಧಾನವಾಗಲಿ. ಮುಳ್ಳು ಪೂರ್ತಿ ಮೇಲಿರುವುದನ್ನು ನೋಡಿ ಅಪ್ಪ ನನ್ನ ಬೆನ್ನು ತಟ್ಟಿದರು. "ಪರವಾಗಿಲ್ವೋ, ಬುದ್ಧಿ ಬಂದಿದೆ ನಿನಗೆ" ಎಂದರು. ಅವರು ಓಡಿಸುವ ಲೆಕ್ಕದಲ್ಲಿ ಅದು ಒಂದೂವರೆ ತಿಂಗಳಿಗೆ ಸಾಕು.

ನಿನ್ನೆಯ ವಿಷಯ ನಿನಗೆ ಗೊತ್ತಿಲ್ಲ. ಸ್ಕೂಲಿನ ಮುಂದೆ ಕೈಯಲ್ಲಿ ಬಾವುಟ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸು ಸಂಜೆ ಬಸ್ ಸ್ಟಾಪಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ನಿಮ್ಮಪ್ಪಾಜಿಗೆ ಸ್ವಲ್ಪ ಹೇಳಿ. ಇವತ್ತು ಕೆಂಪು ಬಿದ್ದಿತ್ತು, ಎರಡು ಮಕ್ಕಳು ನನ್ನ ಕೈಯಲ್ಲಿದ್ವು, ಸೀದಾ ಬಂದ್ಬಿಟ್ರು. ನಾನು ಮಕ್ಕಳನ್ನ ಎಳ್ಕೊಂಡೆ. ದೊಡ್ಡೋರು, ಬಯ್ಯೋಕಾಗಲ್ಲ" ಎಂದಳು. ಮನೆಗೆ ಬಂದು ಗುಬ್ಬಿಯನ್ನು ಉಪಾಯವಾಗಿ ಕೇಳಿದೆ. "ನಿನ್ನೆ ಆಟ ಆಡ್ಲಿಲ್ಲ ಅಪ್ಪಾ" ಎಂದಳು, ಅವಳಿಗೆ ಇವತ್ತೂ ನಿನ್ನೆಯೂ ಒಂದೇ. "ನಂಗೆ ನಿದ್ದೆ ಬಂದಿತ್ತು."

ರಾತ್ರಿ ನಿನ್ನ ಸೊಸೆ ಸಿಡಿದಳು. "ಮಾವನಿಗೆ ನೀವು ಹೇಳ್ತೀರೋ ನಾನು ಹೇಳ್ಲೋ? ಸೋಮವಾರದಿಂದ ಮಗು ಆ ಕಾರು ಹತ್ತಲ್ಲ. ನಿಮ್ಮ ಕಾರ್ಡು ಕ್ಯಾನ್ಸಲ್ ಆಗೋವರೆಗೂ ರಸ್ತೇಲಿ ಹೋಗೋ ಬೇರೆ ಮಕ್ಕಳು ಏನ್ ಮಾಡ್ಬೇಕು?" ಎಂದಳು. ಇನ್ನೊಂದು ದಿನ ತಡಿ ಎಂದೆ. ಬೆಳಿಗ್ಗೆ ಮತ್ತೆ ಫೋನು ಹಿಡಿದು ಕೂತೆ. ಪಾಯಿಂಟು ಖಾಲಿಯಾಗಿದೆ, ಬಾಕಿ ಏನೂ ಇಲ್ಲ, ಈಗಲಾದರೂ ಮುಗಿಸಿ ಎಂದೆ. ಆ ಹುಡುಗಿ ಬೆಣ್ಣೆಯಂಥ ದನಿಯಲ್ಲಿ, "ಖಂಡಿತ ಸರ್, ನಿಮ್ಮ ತಾಯಿಯವರ ದನಿ ಬೇಕು, ಅಷ್ಟೇ" ಎಂದಳು. ಸೋಮವಾರ ಹನ್ನೊಂದು ಗಂಟೆಗೆ ನಿನ್ನ ನಂಬರಿಗೆ ಅವರೇ ಕರೆ ಮಾಡುತ್ತಾರಂತೆ.

ಆದ್ದರಿಂದ ಅಮ್ಮಾ, ಕರೆ ಬಂದರೆ ರದ್ದು ಮಾಡಿ ಎಂದು ಹೇಳು. ಆದರೆ ಟ್ಯಾಂಕು ತುಂಬಿರುವಾಗ ಅದರಿಂದ ಏನು ಸಾಧಿಸುತ್ತೇವೋ ನನಗೆ ಕಾಣುತ್ತಿಲ್ಲ. ನನಗೆ ನಿನ್ನ ಮೇಲೆ ಕೋಪವಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ. ಕಾರ್ಡ್ ಕಂಪನಿಯನ್ನು ಬಯ್ಯುವುದು ಸುಲಭ, ಅದಕ್ಕೇ ಇಷ್ಟುದ್ದ ಬಯ್ದೆ. ಅಪ್ಪನಿಗೆ ಹೇಳಬೇಕಾದ ಒಂದು ಮಾತನ್ನು ತಪ್ಪಿಸಲು ನಾವು ಊರವರೆಲ್ಲರ ಹತ್ತಿರ ಮಾತಾಡಿದೆವು.

ಅಕ್ಕನಿಗೂ ಭಾವನಿಗೂ ನನ್ನ ನೆನಪು ಹೇಳು. ಪಾಪುವಿನ ಅಂಗಾಲಿಗೆ ಒಂದು ಮುತ್ತು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ನಿನ್ನ ಆಶೀರ್ವಾದ ಈ ವಾರ ಸ್ವಲ್ಪ ಜಾಸ್ತಿಯೇ ಬೇಕು.

ನಿನ್ನ ಮಗ

ವಿ.ಸೂ.: ರದ್ದು ಮಾಡಿಸಬೇಡ. ಇದನ್ನು ಅಂಚೆಗೆ ಹಾಕಲು ಹೊರಟಾಗ ಅಪ್ಪ ಕೈ ಒರೆಸಿಕೊಳ್ಳುತ್ತಾ, "ಹತ್ತೋ, ಬಿಡ್ತೀನಿ, ಟ್ಯಾಂಕ್ ಫುಲ್ ಇದೆ" ಎಂದರು. ಹತ್ತಿ ಕೂತೆ. ಅವರು ಕೀ ತಿರುಗಿಸಿದ ಮೇಲೆ, "ಅಪ್ಪಾ, ನೀವು ಇನ್ನು ಓಡಿಸಬೇಡಿ. ಗುಬ್ಬಿ ಆಟ ನನಗೆ ಗೊತ್ತು" ಎಂದೆ. ಬಾವುಟದ ಹೆಂಗಸು ಹೇಳಿದ್ದನ್ನೂ ಹೇಳಿದೆ. ಇಂಜಿನ್ನು ಆರಿಸಿದರು. "ಎಷ್ಟು ದಿನದಿಂದ ಗೊತ್ತು?" ಎರಡು ವಾರ ಎಂದೆ. ನಾನು ಕಾದದ್ದು ಬೇರೆ ಬೈಗುಳಕ್ಕೆ. "ಎರಡು ವಾರದಿಂದ ಗೊತ್ತಿದ್ದೂ ಮಗೂನ ನನ್ನ ಜೊತೆ ಕಳಿಸಿದ್ಯಾ? ನನಗೆ ಬಿಡೋಕೆ ಮನಸ್ಸಾಗಲಿಲ್ಲ, ಅದು ನನ್ನ ಹಣೆಬರಹ. ನಿನಗೇನಾಗಿತ್ತೋ?" ಕಾರ್ಡಿನ ಕಥೆಯನ್ನೂ ಹೇಳಿದೆ, ನಿನ್ನ ಪಾಲನ್ನೂ ಸೇರಿಸಿ. ಪಾಯಿಂಟಿನ ಜಾಗಕ್ಕೆ ಬಂದಾಗ ಮೂಗಿನಲ್ಲಿ ಒಂದು ಶಬ್ದ ಮಾಡಿದರು, ನಗುವೋ ಏನೋ. ಇಳಿದು ಹೋಗಿ ಎರಡೂ ಕೀಗಳನ್ನು, ಕಾರ್ಡನ್ನು ನಿನ್ನ ಸೊಸೆಯ ಕೈಗೆ ಕೊಟ್ಟರು. ನಾನು ಕೈ ಚಾಚಿದ್ದೆ. "ನಿನಗಲ್ಲ. ರಿವರ್ಸಲ್ಲಿ ಎರಡು ಸಲ ಫೇಲು ನೀನು. ಅವಳು ಒಂದೇ ಸಲಕ್ಕೆ ಪಾಸು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ. ಊಟಕ್ಕೆ ಇನ್ನೂ ಎದ್ದಿಲ್ಲ. ಈ ಪತ್ರ ಸಿಕ್ಕಿದ ರಾತ್ರಿಯೇ ಫೋನ್ ಮಾಡು, ಸ್ಪೀಕರಿನಲ್ಲೇ ಮಾತಾಡು.

ಸ್ಕೂಲು ಬಿಡುವ ಹೊತ್ತಿಗೆ ಸರಿಹೋಗುವಂತೆ ನಿನ್ನ ಸೊಸೆ ಕೆಲಸದ ವೇಳೆ ಬದಲಿಸಿಕೊಳ್ಳುತ್ತಾಳೆ. ಅಷ್ಟರೊಳಗೆ ಈ ಪತ್ರ ನಿನಗೆ ತಲುಪಲಿಕ್ಕಿಲ್ಲವೆಂದು ಸೋಮವಾರದ ಕರೆಯನ್ನು ಗುರುವಾರಕ್ಕೆ ಮುಂದೂಡಿಸಿದ್ದೇನೆ. ಆಗ ಕಾರ್ಡಿಗೆ ಅವಳ ಹೆಸರನ್ನು ಸೇರಿಸಲು ಹೇಳು. ಬರುವ ಬುಧವಾರ ಬೆಳಿಗ್ಗೆ ಹತ್ತೂವರೆಗೆ ಅಪ್ಪನಿಗೆ ಕಣ್ಣಿನ ಡಾಕ್ಟರು. ನಾನೂ ಅವರೂ ಬಸ್ಸಿನಲ್ಲಿ ಹೋಗುತ್ತೇವೆ.