ಯಾರ ಕಡೆಯವರು?

ದೊಡ್ಡಬಳ್ಳಾಪುರ
೨೩ ಮಾರ್ಚ್ ೨೦೨೫, ಭಾನುವಾರ

ನನ್ನ ಮಗಳು ಲೂರ್ದುಗೆ,

ನಿನ್ನ ಅಮ್ಮ ಮಾಡುವ ಆಶೀರ್ವಾದಗಳು. ಕವರಿನ ಮೇಲೆ ಮಠದಲ್ಲಿ ಇಟ್ಟ ಉದ್ದನೆಯ ಹೆಸರನ್ನೇ ಬರೆದಿದ್ದೇನೆ. ಒಳಗೆ ಮಾತ್ರ ನನ್ನ ಕೈಗೆ ಅದು ಬರುವುದಿಲ್ಲ. ಕಾಗದಗಳನ್ನು ನಿಮ್ಮ ಮದರ್ ಮೊದಲು ಓದುತ್ತಾರೆಂದು ನೀನು ಹೇಳಿದ್ದೆ. ಅವರಿಗೂ ಸ್ತೋತ್ರ. ನನ್ನ ಅಕ್ಷರ ಅಷ್ಟಕ್ಕಷ್ಟೇ, ಸಹಿಸಿಕೊಳ್ಳಲಿ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಅಪ್ಪ ತೀರಿಕೊಂಡ ಮೇಲೆ ನೀನು ಬರೆದ ಕಾಗದ ಜನವರಿಯಲ್ಲೇ ಬಂದಿತ್ತು. ಅದರಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದೆ: "ಅಪ್ಪನಿಗೆ ಯಾರು ಉತ್ತರ ಹೇಳಿದರು?" ಅದಕ್ಕೆ ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ನಮ್ಮ ಮನೆಯ ಪಾತ್ರೆಗಳು ಯಾವತ್ತೂ ಇಷ್ಟು ಹೊಳೆದಿರಲಿಲ್ಲ. ಈವತ್ತು ಹೇಳಿಯೇ ಹೇಳುತ್ತೇನೆ, ಆದರೆ ನನ್ನ ದಾರಿಯಲ್ಲಿ ಬರಲು ಬಿಡು.

ಮೊದಲು ಹಬ್ಬದ ಸುದ್ದಿ ಕೇಳು. ಬುಧವಾರ ಸಂತ ಜೋಸೆಫರ ಹಬ್ಬದ ದಿನ ನಮ್ಮ ಸಹೋದರ ಸಂಘದ ಅಮೃತ ಮಹೋತ್ಸವ ಆಯಿತು. ಅಧ್ಯಕ್ಷರು ನಮ್ಮ ರಾಯಪ್ಪಣ್ಣನೇ, ಗೊತ್ತಲ್ಲ. ಮಟನ್ ಬಿರಿಯಾನಿ ಹಾಕಿಸಲೇಬೇಕು ಎಂದು ಹಟ ಹಿಡಿದ. ಫಾದರ್ "ತಪಸ್ಸು ಕಾಲ ಕಣಪ್ಪ" ಎಂದರು. ಕೊನೆಗೆ ತರಕಾರಿ ಪಲಾವ್ ಆಯಿತು, ಅದನ್ನೂ ರಾಯಪ್ಪಣ್ಣ ಮೂರು ಸಲ ಹಾಕಿಸಿಕೊಂಡ. ಚರ್ಚಿನ ಮುಂದೆ ಶಾಮಿಯಾನ, ನೀಲಿ ಬಿಳಿ ಬಾವುಟ. ಸುತ್ತಮುತ್ತಲಿನ ಮಗ್ಗದ ಮನೆಗಳವರೆಲ್ಲ ಅರ್ಧ ದಿನ ಮಗ್ಗ ನಿಲ್ಲಿಸಿ ಬಂದಿದ್ದರು. ನಮ್ಮ ಬೀದಿ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಲಾಕ್‌ಡೌನ್ ಬಿಟ್ಟರೆ ಬೇರೆ ಯಾವಾಗಲೂ ಕಂಡಿಲ್ಲ.

ಮೈಕಿನಲ್ಲಿ ಫಾದರ್ ಸಂಘದ ಚರಿತ್ರೆ ಹೇಳಿದರು. ನೀನು ಅಪ್ಪನ ತೊಡೆಯ ಮೇಲೆ ಕೂತು ನೂರು ಸಲ ಕೇಳಿದ ಕಥೆಯೇ. ಆದರೂ ಬರೆಯುತ್ತೇನೆ, ನಿಮ್ಮ ಮದರ್ ಕೂಡ ತಿಳಿದುಕೊಳ್ಳಲಿ.

ತಮಿಳುನಾಡಿನ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದಿದ್ದ ಒಬ್ಬ ಹುಡುಗ ಜ್ವರ ಬಂದು ಸತ್ತಿದ್ದ. ಕೊರಳಲ್ಲಿ ಜಪಸರ ಇದ್ದದ್ದರಿಂದ ನಮ್ಮವನು ಎಂದು ಗೊತ್ತಾಯಿತೇ ಹೊರತು ಅವನ ಊರು, ತಂದೆತಾಯಿ ಯಾರಿಗೂ ಗೊತ್ತಿರಲಿಲ್ಲ. ಗುಂಡಿ ತೋಡುತ್ತಿದ್ದವರು ಈಗಿನ ಮುನಿಶಾಮಪ್ಪನ ತಾತ. ಅವರಲ್ಲಿ ಹೆಣ ಇಳಿಸುವ ಮುಂಚೆ ಕೇಳುವ ರೂಢಿ. "ಯಾರ ಕಡೆಯವ್ರಪ್ಪಾ ಇವ್ರು?" ಎಂದು ಕೇಳಿದರು. ಯಾರೂ ಬಾಯಿಬಿಡಲಿಲ್ಲ. ಆ ಹುಡುಗನ ಜೊತೆ ಒಂದು ಮಾತೂ ಆಡಿರದಿದ್ದ, ನಮ್ಮ ಬೀದಿಯ ಮಗ್ಗದ ಇನ್ನಾಸಪ್ಪನವರು ಮುಂದೆ ಬಂದು, "ನಮ್ಮ ಕಡೆಯವ್ನು. ಇಳ್ಸಿ" ಎಂದರಂತೆ. ಸಮಾಧಿಯಿಂದ ವಾಪಸು ಬರುವ ದಾರಿಯಲ್ಲಿ ನಾಲ್ಕಾರು ಮಗ್ಗದವರು ಮಾತಾಡಿಕೊಂಡರು. ಇನ್ನು ಮೇಲೆ ಈ ಊರಿನಲ್ಲಿ ಆ ಪ್ರಶ್ನೆಗೆ ಉತ್ತರ ಇಲ್ಲ ಎನ್ನುವಂತೆ ಆಗಬಾರದು ಎಂದು. ಸಂಘ ಹುಟ್ಟಿದ್ದು ಹಾಗೆ.

ಆಮೇಲೆ ಎಷ್ಟೆಲ್ಲ ಮಾಡಿದರು! ವಿಧವೆಯರಿಗೆ ಅಕ್ಕಿ, ಮಕ್ಕಳಿಗೆ ಸ್ಕೂಲ್ ಬ್ಯಾಗು, ಆಸ್ಪತ್ರೆಯಲ್ಲಿ ಒಂಟಿಯಾಗಿ ಮಲಗಿದವರ ಪಕ್ಕ ಕೂರುವ ಸರದಿ. ಲಾಕ್‌ಡೌನಿನಲ್ಲಿ ಬೀದಿಬೀದಿಗೆ ಗಂಜಿ. ಜಾತಿ ಮತ ಕೇಳಿದವರಲ್ಲ. ಸಾಸಲಿನ ದ್ಯಾವಮ್ಮ ದಿಕ್ಕಿಲ್ಲದೆ ಹೋದಾಗ ಅವಳ ಪದ್ಧತಿಯಂತೆಯೇ ಬಾಳೆಹಣ್ಣು, ಊದುಬತ್ತಿ, ತಮಟೆ ಎಲ್ಲ ಮಾಡಿಸಿ ಕಳಿಸಿಕೊಟ್ಟರು. ಅಲ್ಲಿಯೂ ಉತ್ತರ ಹೇಳಿದ್ದು ನಿಮ್ಮಪ್ಪ. ಇನ್ನಾಸಪ್ಪನವರು ಹೋದ ಮೇಲೆ ಉತ್ತರ ಹೇಳುವ ಕೆಲಸ ಅವರ ಪಾಲಿಗೇ ಬಂದಿತ್ತಲ್ಲ. ಮಕ್ಕಳಿದ್ದವರಿಗೆ ಮಕ್ಕಳು ಹೇಳಬೇಕು, ಯಾರೂ ಇಲ್ಲದವರಿಗೆ ನಿಮ್ಮಪ್ಪ ಚೌರಪ್ಪ ಹೇಳಬೇಕು. ಮಗ್ಗದ ಮುಂದೆ ಲುಂಗಿ ಎತ್ತಿ ಕಟ್ಟಿಕೊಂಡು ಬೆವರುತ್ತಿದ್ದ ಮನುಷ್ಯ, ಸುದ್ದಿ ಬಂದರೆ ಸ್ನಾನ ಮಾಡಿ ಇಸ್ತ್ರಿ ಷರ್ಟು ಹಾಕಿ ಹೊರಡುತ್ತಿದ್ದರು. "ಸತ್ತೋರಿಗೆ ನಿಮ್ಮ ಇಸ್ತ್ರಿ ಕಾಣ್ಸುತ್ತಾ?" ಎಂದು ನಾನು ರೇಗಿಸಿದರೆ, "ಅವ್ರ ಕಡೆಯಿಂದ ನಾನೊಬ್ನೇ ಹೋಗ್ತಿರೋದು ಕಣೆ, ನೆಟ್ಟಗೆ ಹೋಗ್ಬೇಕು" ಎನ್ನುತ್ತಿದ್ದರು. ಮೈಕಿನಲ್ಲಿ ಅವರ ಹೆಸರು ಬಂದಾಗ ಜನ ಎದ್ದು ನಿಂತರು, ಲೂರ್ದು. ನನ್ನ ಎದೆ ಉಬ್ಬಿಹೋಯಿತು.

ಈಗ ನಿನ್ನ ಪ್ರಶ್ನೆ.

ಅಪ್ಪನ ಪೆಟ್ಟಿಗೆಯನ್ನು ಸಂಘದವರೇ ಹೊತ್ತರು. ಇಡೀ ಊರು ಬಂದಿತ್ತು. ನಾವು ಹೆಂಗಸರು ವಾಡಿಕೆಯಂತೆ ಹಿಂದೆ ಹೊಂಗೆಮರದ ಕೆಳಗೆ ನಿಂತಿದ್ದೆವು. ಫಾದರ್ ಪ್ರಾರ್ಥನೆ ಮುಗಿಸಿ ತೀರ್ಥ ಹಾಕಿದರು. ಮುನಿಶಾಮಪ್ಪ ಸನಿಕೆ ಊರಿಕೊಂಡು ಕೇಳಿದ: "ಯಾರ ಕಡೆಯವ್ರಪ್ಪಾ ಇವ್ರು?"

ಉತ್ತರವಿಲ್ಲ.

ಯಾಕೆ ಗೊತ್ತಾ? ಎಲ್ಲರೂ ಅತ್ತ ಇತ್ತ ಕತ್ತು ತಿರುಗಿಸಿ ನಿಮ್ಮಪ್ಪನನ್ನು ಹುಡುಕುತ್ತಿದ್ದರು! ಅಷ್ಟು ವರ್ಷದ ಅಭ್ಯಾಸ. ಚೌರಪ್ಪ ಹೇಳುತ್ತಾನೆ ಎಂದು ಸಂಘದ ಗಂಡಸರೆಲ್ಲ ಸುಮ್ಮನೆ ಕಾಯುತ್ತ ನಿಂತಿದ್ದಾರೆ, ಚೌರಪ್ಪ ಪೆಟ್ಟಿಗೆಯೊಳಗೆ ಮಲಗಿದ್ದಾರೆ. ಅವರ ಬದಲಿಗೆ ಯಾರು ಎಂದು ಒಬ್ಬರಾದರೂ ಯೋಚನೆ ಮಾಡಿರಲಿಲ್ಲ. ಅವರು ಇದನ್ನು ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಊರಿಗೆಲ್ಲ ನಮ್ಮವರು ನಮ್ಮವರು ಎಂದ ಮನುಷ್ಯನಿಗೆ ಒಂದು ಮಾತು ಹುಟ್ಟಲಿಲ್ಲವಲ್ಲ ಎಂದು ಮೈ ಉರಿಯಿತು. ಮರದ ಕೆಳಗಿನಿಂದಲೇ ಕೂಗಿದೆ.

"ನಮ್ಮ ಕಡೆಯವ್ರು! ನಮ್ಮ ಕಡೆಯವ್ರು ಕಣಪ್ಪಾ ಮುನಿಶಾಮಪ್ಪಾ, ಇಳ್ಸು!"

ನನ್ನ ಗಂಟಲು ನಿನಗೆ ಗೊತ್ತೇ ಇದೆ. ಪವರ್‌ಲೂಮ್ ಸದ್ದಿನ ಮಧ್ಯೆ ಕೂಗಿ ಕೂಗಿ ಆದ ಗಂಟಲು. ನಿನ್ನ ಸ್ಕೂಲಿಗೆ ಬಂದಾಗ "ಮೆಲ್ಲಗೆ ಮಾತಾಡಮ್ಮಾ, ಎಲ್ರೂ ನೋಡ್ತಾರೆ" ಎಂದು ಸೆರಗು ಎಳೆಯುತ್ತಿದ್ದೆಯಲ್ಲ, ಅದೇ. ಆವತ್ತೂ ಎಲ್ಲರೂ ತಿರುಗಿ ನೋಡಿದರು. ರಾಯಪ್ಪಣ್ಣ, "ಹೆಂಗಸ್ರು ಹೇಳೋ ಪದ್ಧತಿ ಇಲ್ವಲ್ಲಾ ಫಾದರ್" ಎಂದು ಗೊಣಗಿದ. ಫಾದರ್ ಬಾಯಿ ತೆರೆಯುವ ಮುಂಚೆ ಮುನಿಶಾಮಪ್ಪನೇ, "ನಾನು ಕೇಳ್ದೆ, ಅಕ್ಕ ಹೇಳಿದ್ರು. ನಿಮಗಿನ್ನೇನ್ ಬೇಕು? ಹಗ್ಗ ಹಿಡೀರಿ" ಎಂದ. ಹಗ್ಗ ಹಿಡಿದರು.

ಆಮೇಲೆ ಸಂಘದ ಮೀಟಿಂಗಿನಲ್ಲಿ ಗಲಾಟೆಯೋ ಗಲಾಟೆ. ಸಹೋದರರ ಸಂಘದಲ್ಲಿ ಹೆಂಗಸರಿಗೇನು ಕೆಲಸ ಎಂದು ಒಬ್ಬ. ನಾನು ಬಾಗಿಲಲ್ಲಿ ನಿಂತು ಹೇಳಿದೆ: "ಗಂಜಿ ಕಾಯ್ಸೋವಾಗ ಯಾರೂ ಈ ಮಾತು ಕೇಳ್ಲಿಲ್ವಲ್ಲಪ್ಪಾ!" ರಾಯಪ್ಪಣ್ಣನೇ ಮೊದಲು ನಕ್ಕವನು. ಒಳ್ಳೆಯವನು ಅವನು, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ಈ ಬುಧವಾರ ಪೂಜೆಯಲ್ಲಿ, ಎಲ್ಲರ ಎದುರಿಗೆ, ಅವನೇ ನಿಮ್ಮಪ್ಪ ಹಾಕಿಕೊಳ್ಳುತ್ತಿದ್ದ ಸಂಘದ ನೀಲಿ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿ, "ಇನ್ಮೇಲೆ ಉತ್ತರ ನಿಮ್ದೇ ಜ್ಞಾನಕ್ಕ" ಎಂದ. ನಿನ್ನ ಅಮ್ಮ ಈಗ ಸಂಘದ ಮೊದಲ ಹೆಣ್ಣು ಸದಸ್ಯೆ. ಶುಕ್ರವಾರವೇ ಕೆಲಸ ಬಂತು. ಬಿಹಾರದ ಕಡೆಯ ಒಬ್ಬ ಗಾರೆ ಕೆಲಸದವನು. ಇಸ್ತ್ರಿ ಸೀರೆ ಉಟ್ಟುಕೊಂಡು ಹೋಗಿ ಹೇಳಿ ಬಂದೆ.

ಮಗಳನ್ನು ದೇವರಿಗೆ ಕೊಟ್ಟವಳು ಎಂದು ಇಷ್ಟು ದಿನ ಜನ ನನ್ನನ್ನು ಗುರುತಿಸುತ್ತಿದ್ದರು. ಆ ಹೆಮ್ಮೆ ಎಲ್ಲಿಗೂ ಹೋಗಿಲ್ಲ. ಈಗ ಅದರ ಜೊತೆಗೆ ನನ್ನದೇ ಇನ್ನೊಂದು ಸೇರಿದೆ.

ಬೇಸಿಗೆ ಶುರುವಾಗಿದೆ, ನೀರು ಚೆನ್ನಾಗಿ ಕುಡಿ. ಉಪವಾಸ ಎಂದು ಮೈ ಕೆಡಿಸಿಕೊಳ್ಳಬೇಡ. ಇಲ್ಲಿಂದಲೇ ನಿನ್ನ ಹಣೆಗೆ ಶಿಲುಬೆ ಗುರುತು ಹಾಕಿದ್ದೇನೆ. ದೇವಮಾತೆ ನಿನ್ನನ್ನು ತನ್ನ ಸೆರಗಿನಲ್ಲಿ ಇಟ್ಟುಕೊಳ್ಳಲಿ.

ನಿನ್ನ ಪ್ರೀತಿಯ ಅಮ್ಮ,
ಜ್ಞಾನಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನೀನು ಚಿಕ್ಕವಳಿದ್ದಾಗ, "ಅಪ್ಪಾ, ನಿಂಗೆ ಉತ್ತರ ನಾನೇ ಹೇಳ್ತೀನಿ" ಎಂದಿದ್ದೆ. ಅವರು ಅದನ್ನು ಕೊನೆಯವರೆಗೂ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಮುನಿಶಾಮಪ್ಪ ಕೇಳಿದಾಗ ನಾನೂ ತಕ್ಷಣ ಬಾಯಿಬಿಡಲಿಲ್ಲ, ಲೂರ್ದು. ಎಲ್ಲರೂ ಅಪ್ಪನನ್ನು ಹುಡುಕುತ್ತಿದ್ದರು, ನಾನು ಗೇಟಿನ ಕಡೆ ನೋಡುತ್ತಿದ್ದೆ. ಸಾವಿಗೂ ಹೊರಗೆ ಬಿಡದ ನಿಮ್ಮ ಮಠದ ನಿಯಮ ಗೊತ್ತಿದ್ದೂ, ನೀನು ಬರುವುದಿಲ್ಲವೆಂದು ಗೊತ್ತಿದ್ದೂ ನೋಡಿದೆ. ತುಂಬ ನೋವಾಯಿತು ಕಣೆ. ನಿನ್ನ ಮೇಲೆ ಕೋಪವಿಲ್ಲ. ನನ್ನ ಸರದಿ ಬಂದ ಸುದ್ದಿ ನಿನಗೆ ಮುಟ್ಟಿದ ದಿನ, ನೀನು ಇರುವ ಜಾಗದಲ್ಲೇ ನಿಂತು, ನನ್ನ ಹಾಗೆ ಗಟ್ಟಿಯಾಗಿ ಒಂದು ಸಲ "ನಮ್ಮಮ್ಮ" ಎಂದುಬಿಡು. ಮೌನದ ಹೊತ್ತಾಗಿದ್ದರೂ ಸರಿ, ಮದರ್ ಅಪ್ಪಣೆ ಕೊಡುತ್ತಾರೆ. ಅವರು ಇದನ್ನು ಓದಿರುತ್ತಾರಲ್ಲ.