ಮೂರು ತೂತಿನ ಹಲಗೆ

ಏಪ್ರಿಲ್ 14, ಮಂಗಳವಾರ

ಇವತ್ತಿನ ಪತ್ತೇದಾರಿಗೆ ಆದ ಖರ್ಚು: ಬಸ್ ಟಿಕೆಟ್ ಒಂಬತ್ತು ಪೌಂಡ್. ಪಕ್ಕದೂರು ಪೆನ್‌ಲೋದಲ್ಲಿ ಒಣಕಲು ಕೇಕು, ಒಂದೂವರೆ. ಕೊಡೆ ಒಂದು — ಬಸ್ಸಲ್ಲೇ ಮರೆತೆ. ಅರ್ಧ ದಿನದ ವ್ಯಾಪಾರ. ಬಂದದ್ದು: ಒಂದು ಸತ್ಯ. ದುಬಾರಿಯೇ.

ಕಳೆದ ಬೇಸಿಗೆಯ ತನಕ ಪ್ರವಾಸಿ ಬಸ್ಸುಗಳು ನಮ್ಮ ಆಲ್ಡರ್ಸ್ಟನ್ನಿನ ಚೌಕದಲ್ಲಿ, ನನ್ನ ಟೀ ಅಂಗಡಿಯ ಎದುರಿಗೇ ನಿಲ್ಲುತ್ತಿದ್ದವು. ಈಗ ವೇಗವನ್ನೂ ತಗ್ಗಿಸದೆ ಪೆನ್‌ಲೋಗೆ ಹೋಗುತ್ತವೆ. ದೇವರ ಭಯ ಕಮ್ಮಿಯಾಯಿತು ಅನ್ನುತ್ತಾರೆ ಪಾದ್ರಿ. ಜನಕ್ಕೆ ಇತಿಹಾಸ ಬೇಡವಾಯಿತು ಅನ್ನುತ್ತಾರೆ ಮ್ಯೂಸಿಯಂ ನೋಡಿಕೊಳ್ಳುವ ಪ್ರಿಡ್ಡಿ ಮೇಷ್ಟ್ರು. ಅವರಿಗೆ ಇದು ಬರಿ ಮಾತಲ್ಲ. ಸೆಪ್ಟೆಂಬರ್ ಒಳಗೆ ಜನ ಬರದಿದ್ದರೆ ಕೌನ್ಸಿಲ್ ಮ್ಯೂಸಿಯಂ ಮುಚ್ಚಿ, ಸಾಮಾನನ್ನೆಲ್ಲ ಜಿಲ್ಲಾ ಗೋದಾಮಿಗೆ ತುಂಬುತ್ತದಂತೆ. ಹೆಂಡತಿ ತೀರಿಹೋದ ಮೇಲೆ ಮೇಷ್ಟ್ರು ಮನೆಗೆ ಹೋಗುವುದು ನಿದ್ದೆಗಷ್ಟೇ.

ಅದಕ್ಕೇ ತಲೆಗೆ ಸ್ಕಾರ್ಫ್ ಕಟ್ಟಿ ನಾನೇ ಪ್ರವಾಸಿಯಾದೆ. ಪೆನ್‌ಲೋದಲ್ಲಿ ಏನಿದೆ? ಅರ್ಧ ಗೋಡೆ. ಅದನ್ನು ಕೋಟೆ ಅನ್ನುತ್ತಾರೆ. ಬಸ್ಸಿಳಿದವರಲ್ಲಿ ಒಬ್ಬರೂ ಅದರ ಕಡೆ ತಿರುಗಲಿಲ್ಲ. ಎಲ್ಲರದೂ ಒಂದೇ ದಿಕ್ಕು. ಓಟ ಅಲ್ಲ... ಓಟಕ್ಕೆ ಸ್ವಲ್ಪ ಕಮ್ಮಿ.

ಡ್ರೈವರ್ ಕ್ಲೈವ್ ಗುರುತು ಹಿಡಿದ.

"ಏನ್ ಮೇವಿಸ್, ವೇಷ ಹಾಕ್ಕೊಂಡು ಬಂದಿದೀಯ?"

"ನಮ್ಮೂರಲ್ಲಿ ಯಾಕೋ ನಿಲ್ಸಲ್ಲ?"

"ನಿಮ್ ಕೌನ್ಸಿಲ್‌ನೋರು ಚೌಕದ ಟಾಯ್ಲೆಟ್‌ಗೆ ಬೀಗ ಜಡಿದ್ರಲ್ಲ. ನನ್ ಬಸ್ಸಲ್ಲಿರೋರ ವಯಸ್ಸು ನೋಡಿದೀಯಾ? ಎರಡು ಗಂಟೆ ಕೂರ್ಸಿ, ಇಳ್ಸಿ, ನಿಮ್ ಮ್ಯೂಸಿಯಂನಲ್ಲಿರೋ ರಾಜನ ಸನ್ನದು ತೋರಿಸ್ಲಾ?"

ದಿನಾ ಆ ಬೀಗದ ಎದುರೇ ಅಂಗಡಿ ತೆಗೆಯುತ್ತೇನೆ. ಹೊಳೆದಿರಲಿಲ್ಲ.

ಏಪ್ರಿಲ್ 16

ಮ್ಯೂಸಿಯಂ ಕಟ್ಟಡ ಒಂದು ಕಾಲಕ್ಕೆ ಶಾಲೆಯಾಗಿತ್ತು. ಕೊನೆಯ ಕೋಣೆ ದಾಟಿದರೆ ಐದು ಟಾಯ್ಲೆಟ್. ನೀರು ಹರಿಸಿದರೆ ಸಾಕು. ಹೇಳಿದೆ. ಮೇಷ್ಟ್ರು ಕೆಂಪಾದರು.

"ಎಂಟುನೂರು ವರ್ಷದ ಊರು ಮೇವಿಸ್ ಇದು! ಮೂತ್ರಕ್ಕೆ ಅಂತ ಬರ್ಬೇಕಾ ಜನ?"

"ಇತಿಹಾಸಕ್ಕೆ ಅಂತ ಹೋದ ವಾರ ಎಷ್ಟು ಜನ ಬಂದ್ರು ಮೇಷ್ಟ್ರೇ?"

"ಇಬ್ರು."

"ಅದ್ರಲ್ಲಿ ಒಬ್ಳು ನಾನು. ಚಳಿ ಅಂತ ಒಳಗೆ ಬಂದಿದ್ದೆ."

ಮಾತು ಬಿಟ್ಟರು.

ಮೇ 6

ಮಾತು ಮತ್ತೆ ಶುರು. ಪ್ಲಂಬರ್ ಕೆಲಸವೂ ಶುರು. ಯಾರು ಮೊದಲು ಸೋತದ್ದು ಅಂತ ಬರೆಯುವುದಿಲ್ಲ.

ಮೇ 19

ಕ್ಲೈವ್‌ಗೆ ಬೇಕನ್ ರೋಲ್ ಪುಕ್ಕಟೆ ಅಂದೆ. ಬಸ್ಸು ಬಂತು.

ಮೇಷ್ಟ್ರು ಟೈ ಕಟ್ಟಿ ಸನ್ನದಿನ ಪಕ್ಕ ನಿಂತಿದ್ದರು. "ಸ್ವಾಗತ, ಈ ಸನ್ನದನ್ನು—" ಅನ್ನುವಷ್ಟರಲ್ಲಿ ಇಡೀ ಬಸ್ಸು ಅವರನ್ನು ದಾಟಿಹೋಯಿತು. ಮುಖ ನೋಡಲಾಗಲಿಲ್ಲ.

ಆದರೆ ಒಂದು ಗಮನಿಸಿದೆ. ಹೋಗುವಾಗ ಯಾರೂ ಏನೂ ನೋಡುವುದಿಲ್ಲ. ಬರುವಾಗ ಎಲ್ಲರಿಗೂ ಪುರುಸೊತ್ತು. ಇನ್ನು ಹೆಂಗಸರ ಸಾಲು — ಅದು ನಿಂತೇ ಇರುತ್ತದೆ, ಬೋಳು ಗೋಡೆ ನೋಡುತ್ತ.

"ಆ ಗೋಡೆಗೆ ಹಾಕೋಕೆ ಏನಾದ್ರೂ ಇದ್ಯಾ?"

ಮೇಷ್ಟ್ರು ಟೈ ಸಡಿಲಿಸಿ, "ಒಂದಿದೆ. ಮರ್ಯಾದಸ್ಥರಿಗೆ ತೋರಿಸೋದಲ್ಲ" ಅಂದರು.

ಮೇ 20

ಉಗ್ರಾಣದಲ್ಲಿ, ಕಂಬಳಿ ಸುತ್ತಿಟ್ಟಿದ್ದರು. ಓಕ್ ಮರದ ಉದ್ದನೆ ಹಲಗೆ. ಸಾಲಾಗಿ ಮೂರು ತೂತು. ಹೊಳೆಯ ಕೆಸರಲ್ಲಿ ಸಿಕ್ಕಿದ್ದಂತೆ. ಆರುನೂರು ವರ್ಷದ ಹಿಂದಿನ ಪಾಯಿಖಾನೆ! ಅಂಚು ಬೆಣ್ಣೆಯಷ್ಟು ನುಣುಪು — ಕೂತು ಕೂತು.

"ಮೂರು ಜನ ಒಟ್ಟಿಗೇನಾ?"

"ಒಟ್ಟಿಗೇ."

"ಏನ್ ಮಾತಾಡ್ಕೋತಿದ್ರೋ!"

"ಕೌನ್ಸಿಲ್ ಬಗ್ಗೆ" ಅಂದರು ಮೇಷ್ಟ್ರು. ನಕ್ಕರು. ಇವರ ನಗು ಹೇಗಿರುತ್ತದೆಂದೇ ಮರೆತಿತ್ತು.

ಜೂನ್ 9

ಸಾಲಿನ ಮುಂದಿದ್ದ ಮುದುಕಿ, ನೀಲಿ ಟೋಪಿ, ಗೋಡೆಗೆ ಹಾಕಿದ ಹಲಗೆಗೆ ಮೂಗು ತಾಗಿಸಿ ನಿಂತಳು.

"ಅಲ್ರೀ, ನಡುವಿಂದು ಯಾಕೆ ಚಿಕ್ಕದು?"

ನಾನು ನೋಡಿರಲೇ ಇಲ್ಲ. ಮೇಷ್ಟ್ರು ನೋಡಿದ್ದರು.

"ಖಚಿತ ಗೊತ್ತಿಲ್ಲಮ್ಮ. ಮಗೂಗೆ ಇರಬಹುದು. ಆ ಕಡೆ ಅಪ್ಪ, ಈ ಕಡೆ ಅಮ್ಮ..."

"ಬಿದ್ದೀತು ಅಂತ ಕೈ ಹಿಡ್ಕೊಂಡಿರ್ತಾರೆ" ಅಂದಳು ಇನ್ನೊಬ್ಬಳು.

"ಅಪ್ಪನಾ? ಕೈ ಹಿಡಿಯೋದಾ? ನಮ್ಮಜ್ಜಿ ಮನೇಲಿ ಎರಡು ತೂತಿಂದಿತ್ತು. ಅಜ್ಜ ಪೇಪರ್ ಬಿಟ್ಟು ಏನನ್ನೂ ಹಿಡೀತಿರ್ಲಿಲ್ಲ" ಅಂದಳು ನೀಲಿ ಟೋಪಿ.

ಸಾಲಿಗೆ ಸಾಲೇ ನಕ್ಕಿತು. ಮೇಷ್ಟ್ರು ಶುರು ಮಾಡಿದರು — ಯಾರ ಮನೆ, ಹೊಳೆಗೆ ಬಿಡುತ್ತಿದ್ದದ್ದು ಹೇಗೆ, ಅದಕ್ಕೆ ದಂಡ ಹಾಕಲು ರಾಜನ ಸನ್ನದು ಊರಿಗೆ ಹಕ್ಕು ಕೊಟ್ಟದ್ದು ಯಾಕೆ. ನೀಲಿ ಟೋಪಿಯ ಸರದಿ ಬಂತು. ಬಾಗಿಲು ತೆರೆದೇ ಇದೆ.

"ನೀನು ಹೋಗಮ್ಮಾ" ಅಂದಳು ಹಿಂದಿನವಳಿಗೆ. "ನಾನು ಇದನ್ನ ಕೇಳ್ಬೇಕು."

ಹೊರಗೆ ಕ್ಲೈವ್ ಹಾರನ್ ಒತ್ತುತ್ತಲೇ ಇದ್ದ.

ಸೆಪ್ಟೆಂಬರ್ 30

ಕೌನ್ಸಿಲ್ ಕಾಗದ ಬಂತು. ಮ್ಯೂಸಿಯಂ ಉಳಿಯಿತು.

ಯಾರಿಗೆ ಏನು ಸಿಕ್ಕಿತು: ಕ್ಲೈವ್‌ಗೆ ಬೇಕನ್ ರೋಲ್, ಜೊತೆಗೆ ಸೊಂಟದ ಸುತ್ತ ಎರಡಂಗುಲ. ಪಾದ್ರಿಗೆ ಮೇಣದಬತ್ತಿ ವ್ಯಾಪಾರ. ದೇವರ ದಯೆ ಅನ್ನುತ್ತಾರೆ. ಕೌನ್ಸಿಲ್ಲಿಗೆ ಪೇಪರಿನಲ್ಲಿ ಫೋಟೋ, ಹಲಗೆಯ ಪಕ್ಕ. ಪೆನ್‌ಲೋಗೆ ಅದರ ಅರ್ಧ ಗೋಡೆ. ನನಗೆ ಮಧ್ಯಾಹ್ನದ ಟೀ ವ್ಯಾಪಾರ ವಾಪಸ್ಸು, ಮತ್ತು ಐದು ಟಾಯ್ಲೆಟ್ ತೊಳೆಯುವ ಬ್ರಷ್ಷು. ಕೊಡೆ ಸಿಗಲಿಲ್ಲ.

ಮೇಷ್ಟ್ರಿಗೆ — ಸಂಜೆ ಬೀಗ ಹಾಕಿ ಬರುವಾಗ ಗಂಟಲು ಕಟ್ಟಿರುತ್ತದೆ, ಮಾತಾಡಿ ಮಾತಾಡಿ. ಜೇನು ಹಾಕಿ ಟೀ ಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ. ಅದನ್ನು ಯಾವ ಲೆಕ್ಕಕ್ಕೆ ಬರೆಯಲಿ?