ಅಮ್ಮನ ಬಲಗಿವಿ

ಫೆಬ್ರವರಿ ೯, ಸೋಮವಾರ

ತಂಗಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಹೊಡೆದದ್ದು ನಿನಗೆ ಕಾಣಲಿ ಎಂದೇ ಕಾಗದ ಬದಲಿಸಲಿಲ್ಲ. ನೀನು ಕ್ಷೇಮವಾಗಿದ್ದೀಯ ಎಂದುಕೊಂಡಿದ್ದೇನೆ. ಯಾರ ಮನೆ ಮುರಿದರೂ ಕ್ಷೇಮವಾಗಿರುವುದು ನಿನಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಉತ್ತರ ತಡವಾಯಿತು. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ, ಅಷ್ಟೆ.

ಕಾರ್ಯಾಗಾರ ನೀನು ಬಿಟ್ಟುಹೋದ ಹಾಗೆಯೇ ಇದೆ. ಕಿಟಕಿಯ ಕೆಳಗಿನ ಮೇಜು, ಒದ್ದೆ ಬಟ್ಟೆ ಹೊದ್ದ ಮಣ್ಣಿನ ಮುದ್ದೆ, ಒಲೆಯ ಮೇಲೆ ಸೊಟ್ಟ ಪಾತ್ರೆ. ನಿನ್ನ ಏಪ್ರನ್ ಇನ್ನೂ ಮೊಳೆಗೆ ತೂಗುತ್ತಿದೆ. ತೆಗೆಯಬೇಕೆಂದರೆ ಮುಟ್ಟಬೇಕಲ್ಲ. ಮೊನ್ನೆ ಪಕ್ಕದ ಅಂಗಡಿಯ ದರ್ಜಿ ಇಣುಕಿ, “ಏನ್ ಮೇಡಂ, ಪಿಟೀಲಿನ ಸದ್ದೇ ಇಲ್ಲ ಈಚೆಗೆ?” ಎಂದ. ನೀನು ಹುಟ್ಟಿದಾಗ ಅಳುತ್ತಿದ್ದ ರೀತಿಗೆ ಅಮ್ಮ ಇಟ್ಟ ಹೆಸರು ಅವನ ಬಾಯಿಗೂ ಸಿಕ್ಕಿದೆ.

“ತಂತಿ ಕಿತ್ತೋಯ್ತು,” ಎಂದೆ.

“ಬೇರೆ ಹಾಕಿಸಿದ್ರಾಯ್ತು ಬಿಡಿ,” ಎಂದು ನಕ್ಕ.

ನಿನ್ನ ಕಾಗದದಲ್ಲಿಯೂ ಇದೇ ಮಾತು. “ಒಂದು ಅಚ್ಚಿಗೆ ಇಷ್ಟೊಂದು ಮುನಿಸಾ ಅಕ್ಕಾ? ಪ್ಲಾಸ್ಟಿಕ್ ಪಟ್ಟಿ ಹಾಗೇ ಇದೆಯಲ್ಲ, ಮತ್ತೆ ಮಾಡಿಕೊಂಡರಾಯಿತು.” ಓದಿ ಓದಿ ಬಾಯಿಪಾಠವಾಗಿದೆ. ಪಟ್ಟಿ ಇದೆ, ಒಪ್ಪಿದೆ. ಕಿವಿಯನ್ನು ಎಲ್ಲಿಂದ ತರಲಿ? ಅಮ್ಮ ಹೋಗಿ ಒಂದು ಚಳಿಗಾಲ ಕಳೆಯಿತು.

ಆ ನೀಲಿ ಪಟ್ಟಿಗಳನ್ನು ಮೊದಲು ತಂದವಳು ನಾನು. ಬಿಸಿನೀರಿಗೆ ಹಾಕಿದರೆ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ, ಯಾವುದರ ಮೇಲೆ ಒತ್ತಿದರೂ ಅದರ ಗುರುತು ಹಿಡಿದು ಗಟ್ಟಿಯಾಗುತ್ತದೆ, ಮತ್ತೆ ಬಿಸಿನೀರಿಗೆ ಬಿದ್ದರೆ ಎಲ್ಲವನ್ನೂ ಮರೆಯುತ್ತದೆ ಎಂದು ತೋರಿಸಿಕೊಟ್ಟಿದ್ದೆ. “ಇದಕ್ಕೆ ಮಾನ ಮರ್ಯಾದೆ ಏನೂ ಇಲ್ಲ ಕಣೆ ಅಕ್ಕ, ಯಾರು ಒತ್ತಿದ್ರೆ ಅವರದಾಗುತ್ತೆ,” ಎಂದು ನೀನು ಬಿದ್ದು ಬಿದ್ದು ನಕ್ಕೆ. ಆಗ ನಾನೂ ನಕ್ಕಿದ್ದೆ. ಪಟ್ಟಿಯ ಗುಣವೆಂದುಕೊಂಡಿದ್ದೆ, ನಿನ್ನ ಗುಣವೆಂದು ಹೊಳೆಯಲಿಲ್ಲ.

ಉಳಿಸಬೇಕಾದ ಅಚ್ಚಿಗೆ ಕೆಂಪು ದಾರ ಕಟ್ಟಬೇಕು, ದಾರವಿಲ್ಲದ್ದು ಸಂಜೆ ಪಾತ್ರೆಗೆ ಹೋಗುತ್ತದೆ ಎಂಬ ನಿಯಮ ನನ್ನದೇ. ಅದನ್ನೇ ಹಿಡಿದುಕೊಂಡು ವಾದಿಸುತ್ತೀಯ: “ದಾರ ಇರಲಿಲ್ಲ, ನಾನೇನು ಮಾಡಲಿ?” ಗುಂಡಿ, ಎಲೆ, ಬೀರುವಿನ ಹಿಡಿಗಳ ಅಚ್ಚಿಗೆ ಮಾಡಿದ ನಿಯಮವದು. ಅಮ್ಮನ ಕಿವಿಗೂ ದಾರ ಕಟ್ಟಬೇಕಿತ್ತೇನೇ?

ಅದೂ ಬಲಗಿವಿ. ಎಡಗಿವಿ ಕೆಪ್ಪಾಗಿ ವರ್ಷಗಳಾಗಿದ್ದವು. ಕಾಯಿಲೆ ಬಿದ್ದ ಮೇಲೆ ಒಂದು ಮಧ್ಯಾಹ್ನ ಅಚ್ಚು ತೆಗೆಯುತ್ತೇನೆ ಎಂದಾಗ, “ಕಿವಿ ಯಾಕೇ? ಮುಖ ತೆಗಿ, ಮುಖ ಚೆನ್ನಾಗಿದೆ,” ಎಂದಳು. “ಮುಖ ಫೋಟೋದಲ್ಲಿ ಇದೆಯಲ್ಲಮ್ಮ,” ಎಂದೆ. ಅದಕ್ಕೂ ನಕ್ಕಳು.

ಆ ಬಲಗಿವಿ ನಿನ್ನದಾಗಿತ್ತು. ನೀನು ಬಂದವಳೇ ಚಪ್ಪಲಿ ಬಿಡುವುದಕ್ಕೂ ಮೊದಲು ಬಲಗಡೆ ಕೂತು, ಆ ಕಿವಿಗೆ ಬಾಯಿಟ್ಟು ಪಿಸುಪಿಸು ಶುರುಮಾಡುತ್ತಿದ್ದೆ. ಇಬ್ಬರೂ ಮೈ ಕುಲುಕಿಸಿ ನಗುತ್ತಿದ್ದಿರಿ. ನಾನು ಎಡಗಡೆ ನಿಂತು ಮಾತ್ರೆ ಬಿಡಿಸಿಕೊಡುತ್ತಿದ್ದೆ. ಅಷ್ಟು ವರ್ಷ ಅದರೊಳಗೆ ಮಾತು ಸುರಿದವಳಿಗೆ, ಅಚ್ಚಿನಲ್ಲಿ ಅದರ ಮಡಿಕೆಗಳು ಒಳಮುಖವಾಗಿ ಕಂಡ ಕೂಡಲೇ ಗುರುತು ಹತ್ತಲಿಲ್ಲ!

ನಮಗೆ ಕೆಲಸ ಕೊಟ್ಟಿದ್ದ ಆ ದಂತವೈದ್ಯೆಗೆ ಅವಸರವಿತ್ತು, ನಿಜ. ಚಿಕಿತ್ಸೆಗೆ ಬರುವ ಮಕ್ಕಳಿಗೆ ಕೊಡಲು ಮಣ್ಣಿನ ನಗುವ ಹಲ್ಲುಗಳು ಬೇಕಿದ್ದವು, ಅವುಗಳ ಅಚ್ಚಿಗೆ ಪಟ್ಟಿ ಸಾಲಲಿಲ್ಲ. ನಾನು ಅಂಚೆ ಕಚೇರಿಯಿಂದ ಬರುವ ಹೊತ್ತಿಗೆ ಮೇಜಿನ ತುಂಬ ಹಲ್ಲು. “ಆ ಹಳೇ ಕಪ್ಪೆಚಿಪ್ಪಿನ ಅಚ್ಚು ಇತ್ತಲ್ಲ ಅಕ್ಕ, ಅದನ್ನ ಕರಗಿಸ್ಕೊಂಡೆ,” ಎಂದೆ, ಕೈ ಒರೆಸಿಕೊಳ್ಳುತ್ತಾ. ಅಮ್ಮನ ಕಿವಿ ದವಡೆಹಲ್ಲಾಗಿ ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಕೆಟ್ಟ ಕವಿತೆಯಲ್ಲೂ ಇಂಥ ಉಪಮೆ ಬಂದರೆ ನಾನು ಪುಟ ಮಗುಚುತ್ತೇನೆ. ಇದನ್ನು ಮಗುಚಲು ಆಗುತ್ತಿಲ್ಲ.

ಅದು ಅಮ್ಮನ ಕಿವಿ ಎಂದಾಗಲೂ ನೀನು ಅವತ್ತು ಅಳಲಿಲ್ಲ. “ಅಯ್ಯೋ” ಎಂದೆ. ಹಾಲು ಉಕ್ಕಿದರೆ ಅನ್ನುತ್ತಾರಲ್ಲ, ಅಂಥ ಅಯ್ಯೋ. ಅಮ್ಮನ ಮುಂದೆ ಅಷ್ಟು ಸಲೀಸಾಗಿ ಬರುತ್ತಿದ್ದ ಕಣ್ಣೀರು ನನ್ನ ಮುಂದೆ ದಂಡವೆನಿಸಿತೇನೋ.

ಮುಂದಿನ ತಿಂಗಳಿಂದ ಮತ್ತೆ ಬರುತ್ತೇನೆ, ಇಬ್ಬರೂ ಸೇರಿ ಕೆಲಸ ಮಾಡೋಣ ಎಂದಿದ್ದೀಯ. ಬರಬೇಡ. ಬೀಗ ಬದಲಿಸಿದ್ದೇನೆ. ನಿನ್ನ ಲಟ್ಟಣಿಗೆ, ಕೆತ್ತುವ ಕಡ್ಡಿಗಳು ಈ ಪೊಟ್ಟಣದಲ್ಲಿವೆ. ಜೊತೆಗೆ ಆ ಪಟ್ಟಿಯೂ ಇದೆ, ನೀನು ಬಿಟ್ಟುಹೋದ ಹಲ್ಲಿನ ಆಕಾರದಲ್ಲೇ. ನಾನು ಕರಗಿಸಲಿಲ್ಲ. ಕರಗಿಸುವುದು ನಿನಗೆ ಚೆನ್ನಾಗಿ ಬರುತ್ತದೆ.

ದೊಡ್ಡವಳಾದ ತಪ್ಪಿಗೆ ಹರಸಲೇಬೇಕು. ನಿನ್ನ ಮಣ್ಣು ಬಿರುಕು ಬಿಡದಿರಲಿ. ನಿನ್ನ ಮಾತು ಕೇಳುವವರು ನಿನಗೆ ಯಾವಾಗಲೂ ಸಿಗಲಿ; ಸಿಕ್ಕೇ ಸಿಗುತ್ತಾರೆ.

ಇತಿ,
ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. “ಅಷ್ಟು ಬೇಕಾಗಿದ್ದರೆ ಆ ಅಚ್ಚಿಗೆ ಮಣ್ಣು ಒತ್ತಿ ಕಿವಿಯನ್ನು ಯಾಕೆ ಮಾಡಿಟ್ಟುಕೊಳ್ಳಲಿಲ್ಲ?” ಎಂದು ಕೇಳಿದ್ದೀಯ. ನ್ಯಾಯವಾದ ಪ್ರಶ್ನೆ, ಉತ್ತರ ಕೊಡುತ್ತೇನೆ. ಪಟ್ಟಿ ಒಳಗೆ ಇಳಿಯದಿರಲೆಂದು ಅವತ್ತು ಅಮ್ಮನ ಬಲಗಿವಿಯ ತೂತಿಗೆ ಹತ್ತಿ ಇಟ್ಟಿದ್ದೆ. ಮೆತ್ತಗಾದ ಪಟ್ಟಿಯನ್ನು ಮೇಲೆ ಒತ್ತಿ, ತಣ್ಣಗಾಗುವವರೆಗೆ ಅಂಗೈಯಿಂದ ಹಿಡಿದು ಕೂತಿದ್ದೆ. ಬಲಗಡೆ ಕೂತದ್ದು ಅದೇ ಮೊದಲು. ಅಮ್ಮ ಕಣ್ಣು ಮುಚ್ಚಿದ್ದಳು. ಬಗ್ಗಿ, ಪಟ್ಟಿಗೆ ಬಾಯಿ ತಾಗುವಷ್ಟು ಹತ್ತಿರದಿಂದ ಹೇಳಿದೆ: “ಅಮ್ಮಾ, ನಾನೂ ನಿನ್ನ ಮಗಳೇ ಅಲ್ವಾ? ಒಂದೇ ಒಂದ್ಸಲ ನನ್ನನ್ನೂ ಕೂಗಿ ಪಕ್ಕದಲ್ಲಿ ಕೂರಿಸ್ಕೊ.”

ಪಟ್ಟಿ ಕಳಚಿ, ಹತ್ತಿ ತೆಗೆದೆ. “ಏನೋ ಗೊಣಗ್ತಿದ್ದೆಯಲ್ಲ, ಏನೇ ಅದು?” ಎಂದಳು.

“ಏನಿಲ್ಲಮ್ಮ, ಆಯ್ತು ಅಂದೆ.”

“ಹಾಗಾದ್ರೆ ಏಳು, ಜಾಗ ಬಿಡು. ಪಿಟೀಲು ಬರೋ ಹೊತ್ತಾಯ್ತು.”

ನನ್ನ ಮಾತು ಮುಟ್ಟಿದ್ದು ಆ ಪಟ್ಟಿಯವರೆಗೆ ಮಾತ್ರ. ಅದರ ಮೇಲೆ ಮಣ್ಣು ಒತ್ತಲು ನನಗೆ ಮನಸ್ಸು ಬರಲಿಲ್ಲ.